ಮೆದುಳಿನ ಚಿತ್ರವೂ ಮಗುವಿನ ಮನಸ್ಸೂ

 

ಶ್ರೀಮಠದ ಈ ಸುವರ್ಣ ಮಹೋತ್ಸವದ ಸಭೆಯಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರು ಅಪ್ಪಣೆ ಕೊಡಿಸಿದಾಗ, ನಾನು ತರ್ಕಶಾಸ್ತ್ರವನ್ನು ಕುರಿತು ಮಾತನಾಡುವೆನೆಂದು ಅನೇಕರು ಎಣಿಸಿದ್ದರು. ಮೂವತ್ತು ವರುಷಗಳಿಂದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಹೇಳಿಕೊಡುತ್ತಿರುವವನಿಂದ ಮತ್ತೇನನ್ನು ನಿರೀಕ್ಷಿಸಬಹುದು? ಅವರ ಎಣಿಕೆಯು ಪೂರ್ತಿಯಾಗಿ ತಪ್ಪಲ್ಲ. ನಾನು ಇಂದು ಆಡುವದು ತರ್ಕದ ಮಾತೇ. ಆದರೆ ಪರ್ವತದ ಮೇಲಿನ ಹೊಗೆಯನ್ನು ಬಿಟ್ಟು, ಮನುಷ್ಯನ ತಲೆಯೊಳಗಿನ ಹೊಗೆಯನ್ನು ಕುರಿತು ಆಡುವೆನು. ಸ್ವಲೀನತೆ, ಅಂದರೆ ವೈದ್ಯರು ಆಟಿಸಂ ಎಂದು ಕರೆಯುವ ಸ್ಥಿತಿ. ಅದಕ್ಕಾಗಿ ಕೊಟ್ಟು ನೋಡಿದ, ಮನಸ್ಸಿನ ಮೇಲೆ ಕೆಲಸಮಾಡುವ ದ್ರವ್ಯಗಳು. ಆ ದ್ರವ್ಯಗಳ ಪರಿಣಾಮವನ್ನು ತಿಳಿಯುವದಕ್ಕೆ ತೆಗೆಯುವ ಮೆದುಳಿನ ಚಿತ್ರಗಳು: ಇವು ಮೂರೂ ನನ್ನ ಇಂದಿನ ವಿಷಯವು.

ಈ ವಿಷಯವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಅದು ನನ್ನದೊಂದು ತಪ್ಪು. ಕೆಲವು ವರುಷಗಳ ಕೆಳಗೆ ಒಬ್ಬ ತಾಯಿ ಮೂರು ವರುಷದ ಗಂಡುಮಗುವನ್ನು ಎತ್ತಿಕೊಂಡು ಮಠಕ್ಕೆ ಬಂದಳು. ಹೆಸರು ಹಿಡಿದು ಕೂಗಿದರೆ ಮಗು ತಿರುಗಿ ನೋಡುತ್ತಿರಲಿಲ್ಲ. ಮಾತು ಬಂದಿರಲಿಲ್ಲ. ಡಬ್ಬಿಯ ಮುಚ್ಚಳವೊಂದನ್ನು ನೆಲದ ಮೇಲೆ ತಿರುಗಿಸುತ್ತ ಅದನ್ನೇ ತಾಸುಗಟ್ಟಲೆ ನೋಡುತ್ತ ಕುಳಿತಿರುತ್ತಿತ್ತು. “ಶಾಸ್ತ್ರಿಗಳೇ, ಇವನಿಗೆ ಏನಾಗಿದೆ?” ಎಂದು ಆಕೆ ಕೇಳಿದಳು. “ಗಂಡುಮಕ್ಕಳಿಗೆ ಮಾತು ತಡವಾಗಿ ಬರುತ್ತದೆ, ಅವ್ವಾ, ಚಿಂತೆ ಮಾಡಬೇಡ, ಕಾಯು” ಎಂದು ನಾನು ಹೇಳಿದೆನು. ನನ್ನ ಮಾತನ್ನು ನಂಬಿ ಆಕೆ ನಾಲ್ಕು ವರುಷ ಕಾದಳು. ಮಗುವಿಗೆ ಏಳು ತುಂಬಿದ ಮೇಲೆ ಬಲ್ಲವರು ನೋಡಿ ಸ್ವಲೀನತೆಯೆಂದು ಹೇಳಿದರು. ಕಲಿಸುವದಕ್ಕೆ ಅತಿ ಅನುಕೂಲವಾದ ಆ ನಾಲ್ಕು ವರುಷಗಳು ನನ್ನ ಒಂದು ಮಾತಿನಿಂದ ಹೋದವು. ಪರೀಕ್ಷಿಸದೆ ಅನುಮಾನ ಮಾಡಬಾರದೆಂದು ದಿನವೂ ಪಾಠ ಹೇಳುವವನು ನಾನೇ ಪರೀಕ್ಷಿಸದೆ ಉತ್ತರ ಕೊಟ್ಟಿದ್ದೆನು.

ಕಳೆದ ವರುಷ ಆಕೆ ಮತ್ತೆ ಬಂದಳು. ಕೈಯಲ್ಲಿ ಅಚ್ಚಾದ ಒಂದು ಕಾಗದವಿತ್ತು. ಅದರ ಮೇಲೆ ಕೆಂಪು, ಹಳದಿ, ನೀಲಿ ಬಣ್ಣಗಳಿಂದ ಬೆಳಗುವ ಎರಡು ಮೆದುಳುಗಳ ಚಿತ್ರಗಳಿದ್ದವು. ಒಂದು ದ್ರವ್ಯವನ್ನು ಕೊಟ್ಟರೆ ಈ ಮೆದುಳು ಆ ಮೆದುಳಿನಂತೆ ಆಗುವದೆಂದು ಯಾರೋ ಆಕೆಗೆ ತಿಳಿಸಿದ್ದರು. “ಇದು ಖರೆಯೇ, ಶಾಸ್ತ್ರಿಗಳೇ?” ಎಂದಳು. ಈ ಸಲ ನಾನು ಕೂಡಲೆ ಉತ್ತರ ಕೊಡಲಿಲ್ಲ. ಓದಿ, ಬಲ್ಲ ವೈದ್ಯರನ್ನು ಕೇಳಿ, ಆಮೇಲೆ ಹೇಳುವೆನೆಂದೆನು. ಹಾಗೆ ತಿಳಿದುಕೊಂಡುದರ ಸಾರವನ್ನೇ ತಮ್ಮ ಮುಂದೆ ಇಡುತ್ತೇನೆ.

ಮೊದಲು ಈ ಸ್ಥಿತಿಯ ವಿಚಾರ. ಮಾಸ್ಕೋ ನಗರದ ವೈದ್ಯೆಯಾದ ಗ್ರುನ್ಯಾ ಸುಖರೇವಾ ಎಂಬವರು ೧೯೨೫ರಲ್ಲಿಯೇ ಇಂಥ ಬಾಲಕರನ್ನು ವರ್ಣಿಸಿದ್ದರು. ಅಮೇರಿಕೆಯ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ೧೯೪೩ರಲ್ಲಿ ೧೧ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ವಿಯೆನ್ನಾದ ಹಾನ್ಸ್ ಆಸ್ಪರ್ಗರ್ ಎಂಬವರು ೧೯೪೪ರಲ್ಲಿ ಬರೆದರು. ಇತರರೊಡನೆ ಬೆರೆಯುವದರಲ್ಲಿ ತೊಡಕು, ಒಂದೇ ಕ್ರಮವನ್ನು ಬಿಡದೆ ಹಿಡಿಯುವ ಆಸೆ, ಸದ್ದು ಬೆಳಕು ಸ್ಪರ್ಶಗಳನ್ನು ಉಳಿದವರಿಗಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ಅನುಭವಿಸುವದು, ಇವು ಅದರ ಮುಖ್ಯ ಲಕ್ಷಣಗಳು. ಕೆಲವರಿಗೆ ಮಾತೇ ಬಾರದು. ಕೆಲವರು ದೊಡ್ಡ ವಿದ್ವಾಂಸರಾಗುವರು. ಇದು ಹುಟ್ಟಿನೊಡನೆ ಬಂದ ಮನೋರಚನೆಯ ಒಂದು ಬಗೆಯೇ ಹೊರತು ಹೊರಗಿನಿಂದ ಅಂಟಿದ ಜಾಡ್ಯವಲ್ಲ.

ಇಲ್ಲಿ ತಾಯಂದಿರಿಗೆ ಒಂದು ಮಾತು. ತಾಯಿಯ ಪ್ರೀತಿಯು ತಣ್ಣಗಾದುದರಿಂದ ಮಗು ಹೀಗಾಯಿತೆಂದು ಪಂಡಿತರು ಬಹುಕಾಲ ಸಾಧಿಸಿದರು. ಬ್ರೂನೋ ಬೆಟೆಲ್‌ಹೈಮ್ ಎಂಬವರು ೧೯೬೭ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು ಈ ಮತವನ್ನು ಹರಡಿದರು. ಅದಕ್ಕೆ ಮೊದಲೇ, ೧೯೬೪ರಲ್ಲಿ, ತಾನೇ ಇಂಥ ಮಗುವಿನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲಂಡ್ ಎಂಬವರು ಇದು ಶರೀರಮೂಲವಾದುದೆಂದು ವಾದಿಸಿದ್ದರು. ೧೯೭೭ರಲ್ಲಿ ಸೂಸನ್ ಫೋಲ್‌ಸ್ಟೈನ್, ಮೈಕೆಲ್ ರಟ್ಟರ್ ಎಂಬವರು ಅವಳಿ ಮಕ್ಕಳನ್ನು ಪರೀಕ್ಷಿಸಿ, ಇದರಲ್ಲಿ ಅನುವಂಶದ ಪಾತ್ರವು ದೊಡ್ಡದೆಂದು ತೋರಿಸಿದ ಮೇಲೆ ಆ ಹಳೆಯ ಮತವು ಕುಸಿಯಿತು. ಆದರೆ ಅಷ್ಟರೊಳಗೆ ಎಷ್ಟು ತಾಯಂದಿರು ಮಾಡದ ತಪ್ಪಿಗೆ ಮರುಗಿದರೋ ಲೆಕ್ಕವಿಟ್ಟವರಾರು? ತಪ್ಪು ಅನುಮಾನವು ಪುಸ್ತಕದೊಳಗೆ ಸುಮ್ಮನೆ ಕೂಡುವದಿಲ್ಲ. ಮನೆಯೊಳಗೆ ಬಂದು ಸುಡುತ್ತದೆ.

ಇನ್ನು ದ್ರವ್ಯಗಳ ಕಥೆ. ಕ್ಯಾನರರ ಲೇಖನವು ಹೊರಬಂದ ೧೯೪೩ರಲ್ಲಿಯೇ, ಏಪ್ರಿಲ್ ತಿಂಗಳಿನಲ್ಲಿ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದ ರಸಾಯನಜ್ಞ ಆಲ್ಬರ್ಟ್ ಹಾಫ್‌ಮನ್ ಎಂಬವರು ತಾವು ಐದು ವರುಷಗಳ ಹಿಂದೆ ಸಿದ್ಧಪಡಿಸಿದ್ದ ಎಲ್.ಎಸ್.ಡಿ. ಎಂಬ ದ್ರವ್ಯವನ್ನು ಒಂದು ಮಿಲಿಗ್ರಾಮಿನ ಕಾಲುಭಾಗದಷ್ಟು ಸೇವಿಸಿ, ತಮ್ಮ ಮನಸ್ಸು ತಲೆಕೆಳಗಾದುದನ್ನು ಕಂಡರು. ಇಷ್ಟು ಅಲ್ಪಪ್ರಮಾಣದ ವಸ್ತುವು ಇಷ್ಟು ದೊಡ್ಡ ವಿಕಾರವನ್ನು ಮಾಡುವದು ಹೇಗೆ? ನಮ್ಮ ಮೆದುಳಿನ ನರಕಣಗಳು ಒಂದಕ್ಕೊಂದು ಸಂದೇಶ ಕಳಿಸುವದಕ್ಕೆ ಕೆಲವು ರಸಗಳನ್ನು ಬಳಸುತ್ತವೆ. ಅವುಗಳಲ್ಲಿ ಸೆರೊಟೋನಿನ್ ಎಂಬದು ಒಂದು. ೧೯೪೮ರಲ್ಲಿ ಇದನ್ನು ರಕ್ತದಿಂದ ಬೇರ್ಪಡಿಸಿದರು. ೧೯೫೩ರಲ್ಲಿ ಮೆದುಳಿನಲ್ಲಿಯೂ ಕಂಡರು. ಎಲ್.ಎಸ್.ಡಿ.ಯ ರಚನೆಯಲ್ಲಿ ಇದರ ಹೋಲಿಕೆಯುಂಟು. ಆದುದರಿಂದ ಈ ರಸಕ್ಕಾಗಿ ಇರುವ ಬೀಗಗಳಲ್ಲಿ ಕಳ್ಳಕೀಲಿಯಂತೆ ಅದು ಹೊಕ್ಕು ತಿರುಗುತ್ತದೆ.

೧೯೬೧ರಲ್ಲಿ ಶೇನ್, ಫ್ರೀಡ್‌ಮನ್ ಎಂಬ ಇಬ್ಬರು ವೈದ್ಯರು ಸ್ವಲೀನರಾದ ಕೆಲವು ಮಕ್ಕಳ ರಕ್ತದಲ್ಲಿ ಸೆರೊಟೋನಿನ್ ಹೆಚ್ಚಾಗಿರುವದನ್ನು ಕಂಡುಹಿಡಿದರು. ಈ ಸಂಗತಿಯು ಇಂದಿಗೂ ನಿಂತಿದೆ. ಆದರೆ ಆ ವೇಳೆಗೆ ಇನ್ನೊಂದು ಬಗೆಯ ವಿಚಾರವೂ ಹರಡಿತ್ತು: ಎಲ್.ಎಸ್.ಡಿ.ಯು ಮುಚ್ಚಿದ ಮನಸ್ಸನ್ನು ತೆರೆಯುತ್ತದೆ. ಈ ಮಕ್ಕಳ ಮನಸ್ಸು ಮುಚ್ಚಿದೆ. ಆದುದರಿಂದ ಇವರಿಗೆ ಎಲ್.ಎಸ್.ಡಿ.ಯನ್ನು ಕೊಡಬೇಕು. ಕೇಳಲು ಎಷ್ಟು ನೇರವಾಗಿದೆ! ನ್ಯೂಯಾರ್ಕಿನ ಕ್ರೀಡ್‌ಮೋರ್ ಆಸ್ಪತ್ರೆಯಲ್ಲಿ ಲೊರೆಟಾ ಬೆಂಡರ್ ಎಂಬ ಪ್ರಸಿದ್ಧ ವೈದ್ಯೆಯು ಮಕ್ಕಳಿಗೆ ಇದನ್ನು ದಿನವೂ, ವಾರಗಟ್ಟಲೆ ತಿಂಗಳುಗಟ್ಟಲೆ ಕೊಡಿಸಿದರು. ಮಕ್ಕಳು ಚುರುಕಾದರು, ಮುಖ ನೋಡಿದರು, ನಕ್ಕರು ಎಂದು ವರದಿಗಳು ಬಂದವು. ೧೯೬೨ರಲ್ಲಿ ಬೇರೆಯವರು ೧೨ ಮಕ್ಕಳಿಗೆ ಕೊಟ್ಟು ನೋಡಿದಾಗ, ಮೂಕರಾದವರಿಗೆ ಮಾತು ಬರುವದೆಂಬ ಆಸೆಯು ಕೈಗೂಡಲಿಲ್ಲ. ೨೦೦೭ರಲ್ಲಿ ಪಂಡಿತರು ಆ ಕಾಲದ ವರದಿಗಳನ್ನೆಲ್ಲ ತಿರುವಿಹಾಕಿ, ಅವುಗಳಲ್ಲಿ ಬಹುಭಾಗಕ್ಕೆ ಸರಿಯಾದ ಹೋಲಿಕೆಯ ಕ್ರಮವೇ ಇರಲಿಲ್ಲವೆಂದು ನಿರ್ಣಯಿಸಿದರು. ದ್ರವ್ಯವಿದ್ದಲ್ಲಿ ಗುಣವಿದೆ ಎಂಬ ಅನ್ವಯವನ್ನು ಮಾತ್ರ ನೋಡಿ, ದ್ರವ್ಯವಿಲ್ಲದಲ್ಲಿ ಗುಣವಿಲ್ಲ ಎಂಬ ವ್ಯತಿರೇಕವನ್ನು ಅವರು ನೋಡಲಿಲ್ಲ.

ತರ್ಕದ ದೋಷಕ್ಕಿಂತಲೂ ದೊಡ್ಡ ದೋಷವು ಇನ್ನೊಂದಿತ್ತು. ಹಾಫ್‌ಮನ್ನರು ತಮ್ಮ ಮೇಲೆ ತಾವೇ ಪ್ರಯೋಗ ಮಾಡಿಕೊಂಡರು, ಏನಾಯಿತೆಂದು ಬರೆದಿಟ್ಟರು. ಆ ಮಕ್ಕಳಲ್ಲಿ ಹಲವರಿಗೆ ಮಾತೇ ಬಾರದು. ಒಳಗೆ ಭಯವಾಯಿತೋ ಬೆಳಕಾಯಿತೋ ಹೇಳುವ ಬಾಯಿ ಇರಲಿಲ್ಲ. ಬೇಡವೆನ್ನುವ ಬಾಯಿಯೂ ಇರಲಿಲ್ಲ. ೧೯೭೧ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವೊಂದು ಇಂಥ ದ್ರವ್ಯಗಳ ಮೇಲೆ ಕಟ್ಟುನಿಟ್ಟಿನ ಹತೋಟಿಯನ್ನು ತಂದಿತು. ನಮ್ಮ ದೇಶದಲ್ಲಿಯೂ ೧೯೮೫ರ ಕಾಯಿದೆಯ ಪ್ರಕಾರ ಎಲ್.ಎಸ್.ಡಿ. ಮುಂತಾದವುಗಳನ್ನು ಇಟ್ಟುಕೊಳ್ಳುವದೂ ಮಾರುವದೂ ಅಪರಾಧವಾಗಿದೆ.

ಈಗ ಚಿತ್ರದ ವಿಚಾರಕ್ಕೆ ಬರೋಣ. ಎಂ.ಆರ್.ಐ. ಯಂತ್ರವನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ರೋಗಿಯನ್ನು ಮಲಗಿಸಿ ದೊಡ್ಡ ಅಯಸ್ಕಾಂತದ ಕೊಳವೆಯೊಳಗೆ ಸರಿಸುವರು. ಇದರಿಂದ ಮೆದುಳಿನ ಆಕಾರವು ಕಾಣುತ್ತದೆ. ಕೆಲಸ ಮಾಡುತ್ತಿರುವ ಮೆದುಳನ್ನು ನೋಡುವ ಉಪಾಯಕ್ಕೆ ದಾರಿಯನ್ನು ೧೯೯೦ರಲ್ಲಿ ಜಪಾನಿನ ಸೇಜಿ ಒಗಾವಾ ಎಂಬ ವಿಜ್ಞಾನಿಯು ತೋರಿಸಿದರು. ಮೆದುಳಿನ ಯಾವ ಭಾಗವು ದುಡಿಯುವದೋ ಆ ಭಾಗಕ್ಕೆ ರಕ್ತವು ಹೆಚ್ಚಾಗಿ ಹರಿಯುತ್ತದೆ. ಪ್ರಾಣವಾಯುವನ್ನು ಹೊತ್ತ ರಕ್ತಕ್ಕೂ ಅದನ್ನು ಇಳಿಸಿದ ರಕ್ತಕ್ಕೂ ಅಯಸ್ಕಾಂತದ ಮುಂದೆ ವ್ಯತ್ಯಾಸವುಂಟು. ಆ ವ್ಯತ್ಯಾಸವನ್ನು ಅಳೆದು, ಗಣಿತದಿಂದ ಸೋಸಿ, ಆಮೇಲೆ ಬಣ್ಣ ಹಚ್ಚುತ್ತಾರೆ. ವಿದ್ಯಾರ್ಥಿಗಳೇ, ಇಲ್ಲಿ ಗಮನ ಕೊಡಿರಿ. ಆ ತಾಯಿಯು ತಂದ ಚಿತ್ರದಲ್ಲಿ ಕಂಡ ಕೆಂಪು ಬಣ್ಣವು ಯೋಚನೆಯಲ್ಲ. ನರಗಳ ಕೆಲಸವೂ ಅಲ್ಲ. ರಕ್ತದ ಹರಿವಿನಿಂದ ನರಗಳ ಕೆಲಸವನ್ನು ಊಹಿಸಿದುದು ಅದು. ಇದು ಪ್ರತ್ಯಕ್ಷವಲ್ಲ, ಅನುಮಾನ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿದಂತೆ.

ಅನುಮಾನವೆಂದಮಾತ್ರಕ್ಕೆ ಅದನ್ನು ತಳ್ಳಿಬಿಡಬೇಕೆಂದಲ್ಲ. ಒಳ್ಳೆಯ ಅನುಮಾನದಿಂದ ಒಳ್ಳೆಯ ಜ್ಞಾನವಾಗುತ್ತದೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರಾಬಿನ್ ಕಾರ್‌ಹಾರ್ಟ್-ಹ್ಯಾರಿಸ್ ಎಂಬವರೂ ಅವರ ಸಂಗಡಿಗರೂ ೨೦೧೨ರಲ್ಲಿ ಸೈಲೊಸೈಬಿನ್ ಎಂಬ, ಒಂದು ಜಾತಿಯ ಅಣಬೆಯಲ್ಲಿರುವ ದ್ರವ್ಯವನ್ನು ಆರೋಗ್ಯವಂತರಾದ ಪ್ರಾಯಸ್ಥರಿಗೆ ಕೊಟ್ಟು ಚಿತ್ರ ತೆಗೆದರು. ಮನಸ್ಸು ತನ್ನನ್ನು ತಾನೇ ಮೆಲುಕುಹಾಕುವಾಗ ದುಡಿಯುವ ಕೇಂದ್ರಗಳಲ್ಲಿ ರಕ್ತದ ಹರಿವು ಇಳಿದುದು ಕಂಡಿತು. ೨೦೧೬ರಲ್ಲಿ ೨೦ ಜನರಿಗೆ ಎಲ್.ಎಸ್.ಡಿ. ಕೊಟ್ಟು ನೋಡಿದಾಗ, ಕಣ್ಣಿನ ಸಂದೇಶಗಳನ್ನು ಗ್ರಹಿಸುವ ಭಾಗವು ಮೆದುಳಿನ ದೂರದೂರದ ಭಾಗಗಳೊಡನೆ ಹೊಂದಿಕೊಂಡು ಏರಿಳಿಯುವದು ಕಂಡಿತು. ೨೦೨೪ರಲ್ಲಿ ಅಮೇರಿಕೆಯ ಸೇಂಟ್ ಲೂಯಿಸ್ ನಗರದ ವಿಜ್ಞಾನಿಗಳು ಕೇವಲ ೭ ಜನರನ್ನು ಮತ್ತೆಮತ್ತೆ ಪರೀಕ್ಷಿಸಿ, ಸೈಲೊಸೈಬಿನ್ನಿನಿಂದ ಮೆದುಳಿನ ಭಾಗಗಳ ಕೂಡುತಾಳವು ಕೆಡುವದೆಂದೂ, ಒಂದೆರಡು ಸಂಬಂಧಗಳ ಸಡಿಲಿಕೆಯು ಮೂರು ವಾರಗಳವರೆಗೆ ಉಳಿಯುವದೆಂದೂ ತೋರಿಸಿದರು. ಇವೆಲ್ಲ ಬೆಲೆಯುಳ್ಳ ಶೋಧನೆಗಳು. ಆದರೆ ಇವರಲ್ಲಿ ಯಾರೂ ಮಕ್ಕಳಲ್ಲ. ಈ ಶೋಧನೆಗಳ ವಿಷಯವು ಸ್ವಲೀನತೆಯೂ ಅಲ್ಲ ಎಂಬದನ್ನು ನೆನಪಿಡಬೇಕು.

ಇನ್ನು ಅನುಮಾನದ ದೋಷಗಳು. ಪಾಠಶಾಲೆಯಲ್ಲಿ ನಾವು ಮೂರು ದೃಷ್ಟಾಂತಗಳನ್ನು ಹೇಳುತ್ತೇವೆ. ಮೂರೂ ಇಲ್ಲಿ ಉಪಯೋಗಕ್ಕೆ ಬರುತ್ತವೆ.

ಮೊದಲನೆಯದು, ಮಂಜನ್ನು ಹೊಗೆಯೆಂದು ಭ್ರಮಿಸುವದು. ಯಂತ್ರದೊಳಗೆ ಮಲಗಿದವನು ತಲೆಯನ್ನು ಅಲುಗಿಸಬಾರದು. ಒಂದು ಮಿಲಿಮೀಟರಿಗಿಂತ ಕಡಿಮೆ ಅಲುಗಿದರೂ, ದೂರದ ಭಾಗಗಳ ಸಂಬಂಧವು ಸಡಿಲವಾದಂತೆಯೂ ಹತ್ತಿರದ ಭಾಗಗಳ ಸಂಬಂಧವು ಬಿಗಿಯಾದಂತೆಯೂ ಚಿತ್ರದಲ್ಲಿ ತೋರುವದೆಂದು ೨೦೧೨ರಲ್ಲಿ ಸಿದ್ಧವಾಯಿತು. ಸ್ವಲೀನರ ಮೆದುಳಿನ ಲಕ್ಷಣವೆಂದು ಅದುವರೆಗೆ ಹಲವರು ಹೇಳುತ್ತಿದ್ದುದೂ ಅದನ್ನೇ! ಗುಡುಗುಡಿಸುವ ಇಕ್ಕಟ್ಟಿನ ಕೊಳವೆಯೊಳಗೆ, ಸದ್ದನ್ನು ಸಹಿಸಲಾರದ ಮಗು ಉಳಿದ ಮಕ್ಕಳಿಗಿಂತ ಹೆಚ್ಚು ಅಲುಗುವದು ಸಹಜವಲ್ಲವೆ? ಮಗುವಿನ ಕಸಿವಿಸಿಯನ್ನೇ ಮೆದುಳಿನ ರಚನೆಯೆಂದು ಓದಿದಂತಾಯಿತು. ಅಂದಿನಿಂದ ವಿಜ್ಞಾನಿಗಳು ಈ ವಿಷಯದಲ್ಲಿ ಬಹಳ ಎಚ್ಚರಿಕೆ ವಹಿಸುತ್ತಾರೆ.

ಎರಡನೆಯದು, ಕಾಕತಾಲೀಯ ನ್ಯಾಯ. ಕಾಗೆ ಕೂತುಕೊಳ್ಳುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸರಿಹೋದ ಮಾತ್ರಕ್ಕೆ ಕಾಗೆಯೇ ಕಾರಣವಾಗಲಾರದು. ಮೆದುಳಿನ ಚಿತ್ರದಲ್ಲಿ ಹತ್ತಾರು ಸಾವಿರ ಬಿಂದುಗಳಿರುತ್ತವೆ. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಪರೀಕ್ಷಿಸಿದರೆ ಕೆಲವಾದರೂ ಆಕಸ್ಮಿಕವಾಗಿ ಬೆಳಗಿಯೇ ಬೆಳಗುತ್ತವೆ. ಇದನ್ನು ಮನಗಾಣಿಸಲು ಕ್ರೇಗ್ ಬೆನೆಟ್ ಎಂಬ ಅಮೇರಿಕದ ವಿಜ್ಞಾನಿಯೂ ಜೊತೆಯವರೂ ೨೦೦೯ರಲ್ಲಿ ಒಂದು ಸತ್ತ ಮೀನನ್ನು ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಭಾವಚಿತ್ರಗಳನ್ನು ತೋರಿಸಿ, ಇವರ ಮನಸ್ಸಿನಲ್ಲಿರುವ ಭಾವವೇನೆಂದು ಕೇಳಿದರು. ಲೆಕ್ಕವನ್ನು ತಿದ್ದದೆ ನೋಡಿದಾಗ ಸತ್ತ ಮೀನಿನ ಮೆದುಳಿನಲ್ಲಿಯೂ ಬಿಂದುಗಳು ಬೆಳಗಿದವು! ತಿದ್ದಿ ನೋಡಿದಾಗ ಆರಿಹೋದವು. ನಗುವ ಮಾತಾದರೂ ಇದರಲ್ಲಿ ದೊಡ್ಡ ಉಪದೇಶವಿದೆ.

ಮೂರನೆಯದು, ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಯಿಲ್ಲವೆಂದು ಬೆಂಕಿಯೂ ಇಲ್ಲವೆಂದವನ ಕೈ ಸುಡುತ್ತದೆ. ಸೆರೊಟೋನಿನ್ನಿನ ಬೀಗಗಳು ನರಗಳಲ್ಲಿ ಮಾತ್ರವಲ್ಲದೆ ರಕ್ತನಾಳಗಳಲ್ಲಿಯೂ ಇವೆ. ಆದುದರಿಂದ ಈ ದ್ರವ್ಯಗಳನ್ನು ಕೊಟ್ಟಾಗ ರಕ್ತದ ಹರಿವು ಇಳಿದರೆ, ನರಗಳ ಕೆಲಸವು ಇಳಿಯಿತೋ ನಾಳಗಳ ನಡತೆಯೇ ಬದಲಾಯಿತೋ ಎಂಬ ಸಂಶಯವು ಉಳಿಯುತ್ತದೆ.

ಈ ದೋಷಗಳನ್ನು ಕಳೆಯಲು ವಿಜ್ಞಾನಿಗಳು ಅನೇಕ ಊರುಗಳ ಚಿತ್ರಗಳನ್ನು ಒಟ್ಟುಗೂಡಿಸಿದರು. ೨೦೧೨ರಲ್ಲಿ ಹಂಚಿಕೊಂಡ ಒಂದು ಸಂಗ್ರಹದಲ್ಲಿ ೧,೧೧೨ ಜನರ ಚಿತ್ರಗಳಿದ್ದವು. ಅವರಲ್ಲಿ ೫೩೯ ಜನರು ಸ್ವಲೀನರು. ಎರಡು ಗುಂಪುಗಳಿಗೂ ಸರಾಸರಿಯಲ್ಲಿ ವ್ಯತ್ಯಾಸವು ಕಂಡಿತು, ನಿಜ. ಆದರೆ ಗುಂಪಿನ ಸರಾಸರಿಯು ಒಂದು, ಎದುರಿಗಿರುವ ಮಗುವು ಮತ್ತೊಂದು. ಒಂದು ಊರಿನ ಜನರು ಸರಾಸರಿಯಾಗಿ ಎತ್ತರವೆಂದಮಾತ್ರಕ್ಕೆ, ಎತ್ತರವಾದವನನ್ನೆಲ್ಲ ಆ ಊರಿನವನೆನ್ನಲಾದೀತೆ? ಇಂದಿಗೂ ಸ್ವಲೀನತೆಯನ್ನು ಮಗುವಿನ ನಡೆನುಡಿಗಳನ್ನು ನೋಡಿ ತಿಳಿಯಬೇಕೇ ಹೊರತು ಮೆದುಳಿನ ಚಿತ್ರದಿಂದ ನಿರ್ಣಯಿಸುವದಿಲ್ಲ.

ಇನ್ನು ಸ್ವಲೀನರಲ್ಲಿಯೇ ದ್ರವ್ಯವನ್ನೂ ಚಿತ್ರವನ್ನೂ ಕೂಡಿಸಿ ಮಾಡಿದ ಶೋಧನೆಗಳೇನು ಹೇಳುತ್ತವೆ? ೧೯೯೯ರಲ್ಲಿ ಡೆಟ್ರಾಯಿಟ್ ನಗರದ ಚುಗಾಣಿ ಮತ್ತಿತರರು ಪ್ರಕಟಿಸಿದ ಬೇರೊಂದು ಬಗೆಯ ಚಿತ್ರಗಳಿಂದ ತಿಳಿದುದೇನೆಂದರೆ, ಸಾಮಾನ್ಯ ಮಕ್ಕಳ ಮೆದುಳು ಐದನೆಯ ವರುಷದವರೆಗೆ ಪ್ರಾಯಸ್ಥರ ಇಮ್ಮಡಿಗೂ ಮೀರಿ ಸೆರೊಟೋನಿನ್ ತಯಾರಿಸಬಲ್ಲದು, ಆಮೇಲೆ ಆ ಶಕ್ತಿ ಇಳಿಯುತ್ತದೆ. ಸ್ವಲೀನ ಮಕ್ಕಳಲ್ಲಿಯಾದರೋ ಎರಡರಿಂದ ಹದಿನೈದರವರೆಗೆ ಮೆಲ್ಲಮೆಲ್ಲನೆ ಏರುತ್ತದೆ. ಹಾಗಾದರೆ ಸೆರೊಟೋನಿನ್ನನ್ನು ತಿದ್ದುವ ಔಷಧದಿಂದ ಗುಣವಾಗಬೇಕಲ್ಲವೆ? ೨೦೦೯ರಲ್ಲಿ ೧೪೯ ಮಕ್ಕಳಲ್ಲಿ ಸಿಟಾಲೊಪ್ರಾಮ್ ಎಂಬ ಔಷಧವನ್ನು ಬರಿಯ ಹುಸಿಔಷಧದೊಡನೆ ಹೋಲಿಸಿ ಪರೀಕ್ಷಿಸಿದರು. ಒಂದನ್ನೇ ಮತ್ತೆಮತ್ತೆ ಮಾಡುವ ನಡತೆಯಲ್ಲಿ ಔಷಧದಿಂದ ಹೆಚ್ಚಿನ ಗುಣವೇನೂ ಕಾಣಲಿಲ್ಲ. ಉಪದ್ರವಗಳು ಮಾತ್ರ ಹೆಚ್ಚಾದವು.

ಇದರ ಗುಟ್ಟನ್ನು ಸ್ವಲ್ಪಮಟ್ಟಿಗೆ ಬಿಡಿಸಿದುದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಶೋಧನೆ. ೨೦೧೯ರಲ್ಲಿ ಪ್ರಕಟವಾದ ಅದರಲ್ಲಿ ೩೪ ಗಂಡಸರು, ಸ್ವಲೀನರು ೧೭, ಇತರರು ೧೭. ಗಾಂಜಾ ಗಿಡದಲ್ಲಿರುವ, ಆದರೆ ಅಮಲೇರಿಸದ, ಕ್ಯಾನಬಿಡಯೋಲ್ ಎಂಬ ಅಂಶವನ್ನು ಒಂದು ದಿನವೂ ಹುಸಿಔಷಧವನ್ನು ಇನ್ನೊಂದು ದಿನವೂ ಅವರಿಗೇ ಕೊಟ್ಟು, ಮೆದುಳಿನ ರಸಗಳನ್ನು ಅಯಸ್ಕಾಂತ ಯಂತ್ರದಿಂದ ಅಳೆದರು. ನರಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಸವು ಇತರರಲ್ಲಿ ಏರಿತು, ಸ್ವಲೀನರಲ್ಲಿ ಇಳಿಯಿತು! ಒಂದೇ ದ್ರವ್ಯ, ಒಂದೇ ಪ್ರಮಾಣ, ಫಲವು ವಿಪರೀತ. ಒಂದೇ ಮಳೆಯ ನೀರು ಕಬ್ಬಿನಲ್ಲಿ ಸಿಹಿಯೂ ಬೇವಿನಲ್ಲಿ ಕಹಿಯೂ ಆಗುವದಿಲ್ಲವೆ? ಇದರಿಂದ ರೋಗಿಗೆ ಗುಣವಾಯಿತೆಂದು ಆ ವಿಜ್ಞಾನಿಗಳು ಹೇಳಲಿಲ್ಲ. ಒಬ್ಬರ ಮೆದುಳಿನಲ್ಲಿ ಕಂಡುದನ್ನು ಮತ್ತೊಬ್ಬರ ಮೆದುಳಿಗೆ ಹೊಂದಿಸಬಾರದೆಂಬದೇ ಇಲ್ಲಿಯ ತಾತ್ಪರ್ಯ. ಈ ಒಂದು ಮಾತನ್ನು ೧೯೬೦ರ ದಶಕದವರು ತಿಳಿದಿದ್ದರೆ!

ಅದೇ ಕಾಲೇಜಿನವರು ಸೈಲೊಸೈಬಿನ್ನನ್ನು ಅತ್ಯಲ್ಪ ಪ್ರಮಾಣದಲ್ಲಿ ಸ್ವಲೀನರಿಗೂ ಇತರರಿಗೂ ಕೊಟ್ಟು ಚಿತ್ರ ತೆಗೆಯುವ ಯೋಜನೆಯನ್ನು ೨೦೨೪ರಲ್ಲಿ ಪ್ರಕಟಿಸಿದರು. ಅದು ಸೆರೊಟೋನಿನ್ನಿನ ನಡತೆಯನ್ನು ಅರಿಯುವದಕ್ಕಾಗಿಯೇ ಹೊರತು ಚಿಕಿತ್ಸೆಗಾಗಿ ಅಲ್ಲ. ಪ್ರಾಯಸ್ಥರಾಗಿ ತಿಳಿದು ಒಪ್ಪಿದವರಿಗೆ ಮಾತ್ರ. ಅಮೇರಿಕದಲ್ಲಿ ೨೦೧೮ರಲ್ಲಿ ೧೨ ಜನ ಸ್ವಲೀನ ಪ್ರಾಯಸ್ಥರಲ್ಲಿ ಎಂ.ಡಿ.ಎಂ.ಎ. ಎಂಬ ದ್ರವ್ಯವನ್ನು ಮನೋವೈದ್ಯರ ಉಪಚಾರದೊಡನೆ ಪರೀಕ್ಷಿಸಿದಾಗ ಜನರೆದುರಿನ ಅಂಜಿಕೆಯು ಕಡಿಮೆಯಾಯಿತು. ಅವರ ಸ್ವಲೀನತೆಯನ್ನು ತೆಗೆಯುವ ಉದ್ದೇಶವೇ ಅಲ್ಲಿರಲಿಲ್ಲ; ಅವರೇ ತಮ್ಮ ಕಷ್ಟವೆಂದು ಹೇಳಿಕೊಂಡ ಅಂಜಿಕೆಗೆ ಅದು ಉಪಚಾರವಾಗಿತ್ತು. ಅಂದಿನ ಪ್ರಯೋಗಕ್ಕೂ ಇಂದಿನದಕ್ಕೂ ಇರುವ ಭೇದವು ಯಂತ್ರದಲ್ಲಿಲ್ಲ, ಕೇಳಿ ಮುಟ್ಟುವದರಲ್ಲಿದೆ.

ಹೀಗೆ ತಿಳಿದುಕೊಂಡ ಮೇಲೆ ಆ ತಾಯಿಯನ್ನು ಕರೆಯಿಸಿ ನಾಲ್ಕು ಮಾತು ಹೇಳಿದೆನು. ಅವನ್ನೇ ತಮಗೂ ಹೇಳುತ್ತೇನೆ.

ಒಂದು, ಇದು ನಿನ್ನ ತಪ್ಪಿನಿಂದ ಆದುದಲ್ಲ. ತಡವಾದುದು ಮಾತ್ರ ನನ್ನ ತಪ್ಪಿನಿಂದ. ಎರಡು, ಸ್ವಲೀನತೆಯನ್ನೇ ತೊಡೆದುಹಾಕುವ ಔಷಧವು ಇಲ್ಲ. ಅತಿಯಾದ ಸಿಡಿಮಿಡಿ, ತನ್ನನ್ನು ತಾನು ಹೊಡೆದುಕೊಳ್ಳುವದು ಮುಂತಾದುವುಗಳಿಗೆ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಎಂಬ ಔಷಧಗಳನ್ನು ಅಮೇರಿಕದಲ್ಲಿ ೨೦೦೬ರಲ್ಲಿಯೂ ೨೦೦೯ರಲ್ಲಿಯೂ ಅಂಗೀಕರಿಸಿದರು. ಮೈತೂಕ ಏರುವದು ಮುಂತಾದ ಬಾಧೆಗಳುಂಟಾದುದರಿಂದ ವೈದ್ಯರ ಕಣ್ಣೆದುರಿನಲ್ಲಿಯೇ ಕೊಡತಕ್ಕವು. ಮೂರು, ಬಣ್ಣದ ಚಿತ್ರವನ್ನು ತೋರಿಸಿ ದ್ರವ್ಯವನ್ನು ಮಾರುವವರಿಗೆ, ಇದನ್ನು ಎಷ್ಟು ಜನರಲ್ಲಿ, ಎಷ್ಟು ವಯಸ್ಸಿನವರಲ್ಲಿ, ಯಾವುದರೊಡನೆ ಹೋಲಿಸಿ ನೋಡಿದಿರಿ ಎಂದು ಕೇಳು. ಉತ್ತರವಿಲ್ಲದಿದ್ದರೆ ಎದ್ದು ಬಾ. ನಾಲ್ಕು, ಮಾತು, ಆಟ, ಕೈಕೆಲಸ, ದಿನಚರಿ, ಇವನ್ನು ತಾಳ್ಮೆಯಿಂದ ಕಲಿಸುವದೇ ಇಂದು ಇರುವ ದೊಡ್ಡ ಸಾಧನ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಇಂಥ ಮಕ್ಕಳನ್ನು ನೋಡುವ ಬಲ್ಲವರಿದ್ದಾರೆ. ೨೦೧೬ರ ಕಾಯಿದೆಯು ಸ್ವಲೀನರನ್ನೂ ಅಂಗವಿಕಲರ ಹಕ್ಕುಗಳಿಗೆ ಬಾಧ್ಯರೆಂದು ಹೇಳಿದೆ. ಆ ಹಕ್ಕನ್ನು ಕೇಳಿ ಪಡೆಯಿರಿ.

ಆಕೆ ಎಲ್ಲವನ್ನೂ ಕೇಳಿ, ಆ ಕಾಗದವನ್ನು ಮಡಿಚಿ ನನ್ನ ಕೈಯಲ್ಲಿಟ್ಟಳು. “ಶಾಸ್ತ್ರಿಗಳೇ, ಆ ಚಿತ್ರದಲ್ಲಿ ನನ್ನ ಮಗನನ್ನು ಹುಡುಕಿ ಹುಡುಕಿ ಸಾಕಾಗಿತ್ತು” ಎಂದಳು. ತರ್ಕಸಂಗ್ರಹವನ್ನೋದಿದ ನನಗೆ ಹೊಳೆಯದ ಮಾತು ಅದು.

ಆ ಹುಡುಗನಿಗೆ ಈಗ ಹನ್ನೊಂದು ವರುಷ. ಈ ಮಹೋತ್ಸವದ ಮೂರು ದಿನವೂ ದಾಸೋಹದ ಮನೆಯಲ್ಲಿ ಪಂಕ್ತಿಗೆ ಎಲೆ ಹಾಕುವ ಕೆಲಸ ಅವನದು. ಒಂದೆಲೆಗೂ ಇನ್ನೊಂದೆಲೆಗೂ ನಡುವೆ ಒಂದು ಬೆರಳಿನ ಅಂತರವೂ ಹೆಚ್ಚುಕಡಿಮೆಯಾಗುವದಿಲ್ಲ. ನೋಟಾಮಾಟ ಜಾಗಟೆ ಬಾರಿಸಿದಾಗ ಅವನು ಕಿವಿ ಮುಚ್ಚಿಕೊಂಡು ಹೊರಗೆ ಹೋಗುತ್ತಾನೆ. ಸದ್ದು ನಿಂತ ಮೇಲೆ ಬಂದು ಬಿಟ್ಟಲ್ಲಿಂದಲೇ ಹಾಕುತ್ತಾನೆ. ತಾವು ಇಂದು ಊಟಕ್ಕೆ ಕೂಡುವಾಗ ಅವನನ್ನು ನೋಡಿರಿ. ಅವನು ತಮ್ಮ ಮುಖವನ್ನು ನೋಡದಿದ್ದರೆ ಅನಾದರವೆಂದು ತಿಳಿಯಬೇಡಿರಿ. ತಮ್ಮ ಊರಿನಲ್ಲಿ ಕರೆದರೆ ತಿರುಗದ ಮಗುವನ್ನು ಕಂಡರೆ, ಕಾಯಿರಿ ಎಂದು ಮಾತ್ರ ಹೇಳಬೇಡಿರಿ. ಬಲ್ಲವರಲ್ಲಿಗೆ ಕರೆದುಕೊಂಡು ಹೋಗಿರಿ. ನನ್ನ ತಪ್ಪು ತಮ್ಮಲ್ಲಿ ಒಬ್ಬರಿಂದಲಾದರೂ ಮರುಕಳಿಸದಿದ್ದರೆ ಈ ಉಪನ್ಯಾಸವು ಸಾರ್ಥಕವಾಯಿತೆಂದು ತಿಳಿಯುತ್ತೇನೆ.